‘ನಿಯಮ ಇದೆ’ ಎಂದರೆ ಸಾಕೇ? – 21ನೇ ವಿಧಿಯನ್ನು ಮೂರು ಅವಧಿಗಳಲ್ಲಿ ಬೋಧಿಸಿದ ಬಗೆ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಮೂಲಭೂತ ಹಕ್ಕುಗಳ ಪಾಠ ಬಂದಾಗ ಸಾಮಾನ್ಯವಾಗಿ ಆರು ಹಕ್ಕುಗಳ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಎರಡು ಸಾಲಿನ ವಿವರಣೆ ಕೊಟ್ಟು ಮುಂದೆ ಸಾಗುತ್ತೇವೆ. ಆ ಪಟ್ಟಿಯಲ್ಲಿ ಸ್ವಾತಂತ್ರ್ಯದ ಹಕ್ಕಿನ ಕೆಳಗೆ 21ನೇ ವಿಧಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಸಂವಿಧಾನದಲ್ಲಿಯೂ ಅದು ಒಂದೇ ವಾಕ್ಯ. ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನದ ಪ್ರಕಾರವೇ ಹೊರತು ಯಾವ ವ್ಯಕ್ತಿಯ ಪ್ರಾಣವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಆದರೆ ಈ ವಾಕ್ಯದ ಅರ್ಥವೇನು ಎಂಬ ಬಗ್ಗೆ ನಮ್ಮ ಸರ್ವೋಚ್ಚ ನ್ಯಾಯಾಲಯ 1950ರಿಂದ ಇಂದಿನವರೆಗೂ ವಿಚಾರ ಮಾಡುತ್ತಲೇ ಬಂದಿದೆ. ಮಕ್ಕಳಿಗೂ ಆ ವಿಚಾರದ ಒಂದು ಭಾಗವನ್ನಾದರೂ ಮಾಡಲು ಅವಕಾಶ ಸಿಗಬೇಕು ಎಂಬ ಆಶಯದಿಂದ ನನ್ನ ಅಭ್ಯಾಸ ಬೋಧನೆಯ ಅವಧಿಯಲ್ಲಿ 9ನೇ ತರಗತಿಗೆ ಮೂರು ಪಾಠಗಳನ್ನು ರೂಪಿಸಿದೆ. ಅವುಗಳ ವಿವರವನ್ನು ಸಹ ಪ್ರಶಿಕ್ಷಣಾರ್ಥಿಗಳೊಡನೆ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಪಾಠದ ಉದ್ದೇಶಗಳು

ಮೂರು ಅವಧಿಗಳ ಕೊನೆಗೆ ವಿದ್ಯಾರ್ಥಿಗಳು ಈ ನಾಲ್ಕನ್ನು ಮಾಡಬಲ್ಲವರಾಗಬೇಕು ಎಂದು ಗುರಿ ಇಟ್ಟುಕೊಂಡೆ.

1. ಒಂದು ನಿಯಮ ಇದೆ ಎಂಬುದಕ್ಕೂ ಆ ನಿಯಮ ನ್ಯಾಯಯುತವಾಗಿದೆ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಸ್ವಂತ ಮಾತಿನಲ್ಲಿ ಹೇಳುವುದು.
2. ಗೋಪಾಲನ್ ಪ್ರಕರಣ ಮತ್ತು ಮೇನಕಾ ಗಾಂಧಿ ಪ್ರಕರಣಗಳಲ್ಲಿ 21ನೇ ವಿಧಿಯನ್ನು ಓದಿದ ಬಗೆ ಹೇಗೆ ಬದಲಾಯಿತು ಎಂಬುದನ್ನು ಹೋಲಿಸುವುದು.
3. 21 ಮತ್ತು 22ನೇ ವಿಧಿಗಳು ಬಂಧಿತ ವ್ಯಕ್ತಿಗೆ ಕೊಡುವ ರಕ್ಷಣೆಗಳನ್ನು ಗುರುತಿಸುವುದು.
4. ಹೊಸ ಸನ್ನಿವೇಶವೊಂದನ್ನು ಕೊಟ್ಟಾಗ ಅದರಲ್ಲಿ ಯಾವ ಹಂತ ಬಿಟ್ಟುಹೋಗಿದೆ ಎಂದು ಪತ್ತೆ ಹಚ್ಚುವುದು.

ಪೂರ್ವಜ್ಞಾನವೆಂದು ಬೇಕಾದದ್ದು ಇಷ್ಟೇ: ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು, ಮೂಲಭೂತ ಹಕ್ಕುಗಳಿಗೆ ಧಕ್ಕೆಯಾದರೆ 32ನೇ ವಿಧಿಯಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಬೋಧನೋಪಕರಣಗಳಾಗಿ ಒಂದು ಡ್ರಾಯಿಂಗ್ ಶೀಟ್, ಕೈಬರಹದ ಆರು ಸನ್ನಿವೇಶ ಚೀಟಿಗಳು ಮತ್ತು ಒಂದು ಕಾಲರೇಖೆ ಪಟ್ಟಿ ಸಾಕಾದವು.

ಮೊದಲ ಅವಧಿ: ಒಂದು ಕಲ್ಪಿತ ನಿಯಮ

ಪೀಠಿಕೆಯಾಗಿ ಸಂವಿಧಾನದ ಹೆಸರನ್ನೇ ಎತ್ತದೆ ಡ್ರಾಯಿಂಗ್ ಶೀಟಿನ ಮೇಲೆ ಬರೆದಿದ್ದ ಒಂದು ಕಲ್ಪಿತ ಶಾಲಾ ನಿಯಮವನ್ನು ತೂಗುಹಾಕಿದೆ. ‘ತರಗತಿ ನಾಯಕನಿಗೆ ಯಾರ ಮೇಲೆ ಅನುಮಾನ ಬರುತ್ತದೆಯೋ ಆ ವಿದ್ಯಾರ್ಥಿಯನ್ನು ಮೂರು ದಿನ ತರಗತಿಯಿಂದ ಹೊರಗಿಡತಕ್ಕದ್ದು.’ ಕೆಳಗೆ ಸಹಿ, ಮೊಹರು, ದಿನಾಂಕ ಎಲ್ಲವೂ ಇದ್ದವು. ‘ಇದು ನಿಯಮ ಹೌದೋ ಅಲ್ಲವೋ?’ ಎಂದು ಕೇಳಿದಾಗ ಬಹುತೇಕರು ‘ಹೌದು’ ಎಂದರು. ಬರೆದಿದೆ, ಸಹಿಯಿದೆ, ಮೊದಲೇ ತಿಳಿಸಲಾಗಿದೆ. ‘ಹಾಗಾದರೆ ನಾಳೆ ನಾಯಕ ನಿಮ್ಮನ್ನು ಹೊರಗಿಟ್ಟರೆ ಒಪ್ಪುತ್ತೀರಾ?’ ಎಂದು ಕೇಳಿದಾಗ ತರಗತಿ ಗದ್ದಲವೆದ್ದಿತು.

ಆ ಗದ್ದಲವೇ ಪಾಠದ ಆರಂಭ. ‘ಏನು ತಪ್ಪಿದೆ?’ ಎಂದು ಗುಂಪುಗಳಲ್ಲಿ ಚರ್ಚಿಸಿ ಹೇಳಲು ಐದು ನಿಮಿಷ ಕೊಟ್ಟೆ. ಬಂದ ಉತ್ತರಗಳನ್ನು ಅವರದೇ ಮಾತಿನಲ್ಲಿ ಹಲಗೆಯ ಮೇಲೆ ನಾಲ್ಕು ಸಾಲುಗಳಾಗಿ ಬರೆದೆ.

ಒಂದು, ಯಾಕೆ ಹೊರಗಿಟ್ಟರು ಅಂತ ಹೇಳಬೇಕು.
ಎರಡು, ನಾವು ಹೇಳುವುದನ್ನೂ ಕೇಳಬೇಕು.
ಮೂರು, ದೂರು ಕೊಟ್ಟವನೇ ತೀರ್ಮಾನ ಮಾಡಬಾರದು.
ನಾಲ್ಕು, ಚಿಕ್ಕ ತಪ್ಪಿಗೆ ದೊಡ್ಡ ಶಿಕ್ಷೆ ಇರಬಾರದು.

ಈ ನಾಲ್ಕು ಸಾಲುಗಳನ್ನು ಮೂರೂ ದಿನ ಅಳಿಸದೆ ಹಲಗೆಯ ಬಲ ಮೂಲೆಯಲ್ಲಿ ಉಳಿಸಿಕೊಂಡೆ. ಕಾರಣ ತಿಳಿಸುವುದು, ಅಹವಾಲು ಆಲಿಸುವುದು, ತನ್ನದೇ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗದಿರುವುದು ಇವು ಕಾನೂನಿನಲ್ಲಿ ಸಹಜ ನ್ಯಾಯದ ತತ್ತ್ವಗಳು. ನಾಲ್ಕನೆಯದು ಪ್ರಮಾಣಬದ್ಧತೆಯ ತತ್ತ್ವ. ಪಾರಿಭಾಷಿಕ ಪದಗಳನ್ನು ನಾನು ಆನಂತರ ಸೇರಿಸಿದೆ. ಮಕ್ಕಳು ತಾವೇ ಕಂಡುಕೊಂಡದ್ದಕ್ಕೆ ಹೆಸರು ಕೊಟ್ಟಾಗ ಆ ಹೆಸರು ನೆನಪಿನಲ್ಲಿ ನಿಲ್ಲುತ್ತದೆ.

ಈ ಹಂತದಲ್ಲಿ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಇಡೀ ಪಾಠದ ಕೇಂದ್ರವಾಯಿತು. ‘ಟೀಚರ್, ಅವನೇ ಮಾಡಿದ್ದು ಅಂತ ಎಲ್ಲರಿಗೂ ಗೊತ್ತಿದ್ದರೆ ಮತ್ತೆ ಕೇಳುವುದು ಯಾಕೆ?’ ಇದು ಮಕ್ಕಳದು ಮಾತ್ರವಲ್ಲ, ದೊಡ್ಡವರದೂ ಪ್ರಶ್ನೆ. ಇದಕ್ಕೆ ‘ಹಾಗೆ ಹೇಳಬಾರದು’ ಎಂದು ಉತ್ತರ ಕೊಟ್ಟರೆ ಪಾಠ ಅಲ್ಲಿಗೇ ಸತ್ತಂತೆ. ಆದ್ದರಿಂದ ಪ್ರಶ್ನೆಯನ್ನು ತರಗತಿಗೇ ತಿರುಗಿಸಿದೆ. ‘ಎಲ್ಲರಿಗೂ ಗೊತ್ತಿದೆ ಎಂದು ನಾವು ನಂಬಿದ್ದು ಆಮೇಲೆ ಸುಳ್ಳಾದ ಸಂದರ್ಭ ಇದೆಯೇ?’ ಕಳೆದುಹೋದ ಜಾಮಿಟ್ರಿ ಬಾಕ್ಸ್ ಮನೆಯಲ್ಲೇ ಸಿಕ್ಕಿದ್ದು, ತಮ್ಮ ಒಡೆದ ಲೋಟಕ್ಕೆ ಅಕ್ಕ ಬೈಸಿಕೊಂಡದ್ದು, ಹೀಗೆ ಉದಾಹರಣೆಗಳು ಬಂದವು. ವಿದ್ಯಾರ್ಥಿನಿಯೊಬ್ಬಳು ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನೆನಪಿಸಿದಳು. ಅದಕ್ಕಿಂತ ಒಳ್ಳೆಯ ಸಾರಾಂಶ ಯಾವ ಕಾನೂನು ಪುಸ್ತಕದಲ್ಲಿಯೂ ಸಿಗಲಾರದು.

ಇದಕ್ಕೆ ಪೂರಕವಾಗಿ ಇಂಗ್ಲೆಂಡಿನ ಒಂದು ಹಳೆಯ ಪ್ರಕರಣವನ್ನು ಹೇಳಿದೆ. 1718ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಬೆಂಟ್ಲಿ ಎಂಬ ವಿದ್ವಾಂಸನ ಪದವಿಗಳನ್ನು ಅವನ ಮಾತು ಕೇಳದೆಯೇ ಕಿತ್ತುಕೊಂಡಿತ್ತು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಎಲ್ಲವನ್ನೂ ಬಲ್ಲ ದೇವರೂ ಆದಾಮನನ್ನು ತೋಟದಿಂದ ಹೊರಹಾಕುವ ಮುನ್ನ ‘ಆ ಹಣ್ಣನ್ನು ತಿಂದೆಯಾ?’ ಎಂದು ಕೇಳಿದನಲ್ಲವೇ ಎಂಬ ಅರ್ಥದ ಮಾತನ್ನು ಆ ನ್ಯಾಯಾಧೀಶರಲ್ಲೊಬ್ಬರು ಆಡಿದರು. ಗೊತ್ತಿದ್ದವನೂ ಕೇಳಬೇಕು, ಏಕೆಂದರೆ ಕೇಳಿಸಿಕೊಳ್ಳುವುದು ಎದುರಿನವನ ಹಕ್ಕು. ಪ್ರಶ್ನೆ ಕೇಳಿದ ವಿದ್ಯಾರ್ಥಿ ಪೂರ್ತಿ ಒಪ್ಪಲಿಲ್ಲ. ‘ಕೇಳಲಿ, ಆದರೆ ಸುಳ್ಳು ಹೇಳಿದರೆ?’ ಎಂದ. ‘ಸುಳ್ಳೋ ನಿಜವೋ ಎಂದು ತಿಳಿಯಲು ಮೊದಲು ಅವನು ಏನಾದರೂ ಹೇಳಬೇಕಲ್ಲ’ ಎಂದು ಪಕ್ಕದವನೇ ಉತ್ತರಿಸಿದ.

ಎರಡನೇ ಅವಧಿ: ಎರಡು ಪದಪುಂಜಗಳು, ಎರಡು ಪ್ರಕರಣಗಳು

ಮರುದಿನ ಹಲಗೆಯನ್ನು ಎರಡು ಭಾಗ ಮಾಡಿ ಎಡಕ್ಕೆ ‘ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ’ ಎಂದೂ ಬಲಕ್ಕೆ ‘ಕಾನೂನಿನ ಯುಕ್ತ ಪ್ರಕ್ರಿಯೆ’ ಎಂದೂ ಬರೆದೆ. ಎರಡನೆಯದನ್ನೇ ಅಮೆರಿಕದಲ್ಲಿ ಡ್ಯೂ ಪ್ರಾಸೆಸ್ ಎನ್ನುತ್ತಾರೆ. ಅಲ್ಲಿನ ಸಂವಿಧಾನದ 5ನೇ ಮತ್ತು 14ನೇ ತಿದ್ದುಪಡಿಗಳಲ್ಲಿ ಆ ಮಾತಿದೆ. ಅದರ ಬೇರು ಇಂಗ್ಲೆಂಡಿನ 1215ರ ಮ್ಯಾಗ್ನಾ ಕಾರ್ಟಾದವರೆಗೂ ಹೋಗುತ್ತದೆ.

ನಮ್ಮ ಸಂವಿಧಾನ ರಚನಾ ಸಭೆಯ ಮುಂದೆ ಎರಡೂ ಪದಪುಂಜಗಳಿದ್ದವು. ಆರಂಭದ ಕರಡಿನಲ್ಲಿ ಡ್ಯೂ ಪ್ರಾಸೆಸ್ ಎಂಬ ಮಾತೇ ಇತ್ತು. ಸಭೆಯ ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ನಮ್ಮ ಕರಾವಳಿ ಮೂಲದವರು. ಅವರು 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದರು. ಈ ಪದಪುಂಜದಿಂದ ಚುನಾಯಿತ ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ರದ್ದುಪಡಿಸುವ ಅಧಿಕಾರ ಬರುತ್ತದೆ, ಅದು ನ್ಯಾಯಾಂಗಕ್ಕೂ ಭಾರ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯವಾಗಿತ್ತು. ಕರಡು ಸಮಿತಿ ಆ ಮಾತನ್ನು ಕೈಬಿಟ್ಟು 1946ರ ಜಪಾನ್ ಸಂವಿಧಾನದ 31ನೇ ವಿಧಿಯ ಮಾದರಿಯ ಪದಗಳನ್ನು ತೆಗೆದುಕೊಂಡಿತು. 1948ರ ಡಿಸೆಂಬರ್‌ನಲ್ಲಿ ಸಭೆಯಲ್ಲಿ ತೀವ್ರ ಚರ್ಚೆ ನಡೆಯಿತು. ಡಿಸೆಂಬರ್ 13ರಂದು ಮಾತನಾಡಿದ ಡಾ. ಅಂಬೇಡ್ಕರ್ ಎರಡೂ ಕಡೆ ಅಪಾಯವನ್ನು ಕಂಡರು. ಶಾಸನಸಭೆಯೂ ಪಕ್ಷಪಾತದಿಂದ ಕಾನೂನು ಮಾಡಬಹುದು, ಐದಾರು ನ್ಯಾಯಾಧೀಶರ ಸ್ವಂತ ಅಭಿಪ್ರಾಯಕ್ಕೆ ಎಲ್ಲವನ್ನೂ ಒಪ್ಪಿಸುವುದೂ ಕಷ್ಟ ಎಂಬ ದ್ವಂದ್ವವನ್ನು ಮುಂದಿಟ್ಟು ತೀರ್ಮಾನವನ್ನು ಸಭೆಗೇ ಬಿಟ್ಟರು. ಸಭೆ ಕರಡು ಸಮಿತಿಯ ಪದಗಳನ್ನೇ ಒಪ್ಪಿತು. ಆ ಕೊರತೆಯನ್ನು ತುಂಬುವ ಉದ್ದೇಶದಿಂದ 1949ರ ಸೆಪ್ಟೆಂಬರ್‌ನಲ್ಲಿ ಅಂಬೇಡ್ಕರ್ ಅವರೇ ಮುಂದಿಟ್ಟ ಹೊಸ ವಿಧಿ ಇಂದಿನ 22ನೇ ವಿಧಿಯಾಯಿತು. ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಭೇಟಿಯಾಗಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬವು ಅದರಲ್ಲಿವೆ. ಪ್ರಯಾಣಕ್ಕೆ ಬೇಕಾಗುವ ಸಮಯ ಈ 24 ಗಂಟೆಯಲ್ಲಿ ಸೇರುವುದಿಲ್ಲ. ಮುಂಜಾಗ್ರತಾ ಬಂಧನಕ್ಕೆ ಮಾತ್ರ ಅದೇ ವಿಧಿಯಲ್ಲಿ ಬೇರೆ ನಿಯಮಗಳಿವೆ.

ಪಾಠದ ಈ ಭಾಗವನ್ನು ಹತ್ತು ನಿಮಿಷದೊಳಗೆ ಮುಗಿಸಬೇಕು. ಹೆಚ್ಚು ಎಳೆದರೆ ಹೆಸರುಗಳ ರಾಶಿಯಾಗುತ್ತದೆ. ಮಕ್ಕಳಿಗೆ ಬೇಕಾದದ್ದು ಒಂದೇ ಅಂಶ: ನಮ್ಮ ಹಿರಿಯರು ಈ ಪದಗಳನ್ನು ತಿಳಿಯದೆ ಆರಿಸಲಿಲ್ಲ, ಯಾರನ್ನು ಹೆಚ್ಚು ನಂಬಬೇಕು ಎಂಬ ಪ್ರಶ್ನೆಗೆ ಕಷ್ಟಪಟ್ಟು ಉತ್ತರ ಹುಡುಕಿದರು.

ಮೊದಲ ಪ್ರಕರಣ ಎ.ಕೆ. ಗೋಪಾಲನ್ ಅವರದು. ಕಮ್ಯುನಿಸ್ಟ್ ನಾಯಕರಾದ ಅವರನ್ನು 1950ರ ಮುಂಜಾಗ್ರತಾ ಬಂಧನ ಕಾಯಿದೆಯಡಿ ಮದ್ರಾಸಿನಲ್ಲಿ ಬಂಧನದಲ್ಲಿಡಲಾಗಿತ್ತು. ಅಪರಾಧ ಸಾಬೀತಾಗಿ ಕೊಡುವ ಶಿಕ್ಷೆ ಬೇರೆ, ಮುಂದೆ ಏನಾದರೂ ಮಾಡಬಹುದೆಂದು ಮೊದಲೇ ಹಿಡಿದಿಡುವ ಮುಂಜಾಗ್ರತಾ ಬಂಧನ ಬೇರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಆ ಕಾಯಿದೆ ನ್ಯಾಯಯುತವಲ್ಲ ಎಂದು ಅವರು ವಾದಿಸಿದರು. 1950ರ ಮೇ 19ರಂದು ಆರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಬಹುಮತದ ಅಭಿಪ್ರಾಯದಲ್ಲಿ 21ನೇ ವಿಧಿಯಲ್ಲಿನ ‘ಕಾನೂನು’ ಎಂದರೆ ಶಾಸನಸಭೆ ಮಾಡಿದ ಕಾನೂನು. ಅದರಲ್ಲಿ ಹೇಳಿದ ವಿಧಾನವನ್ನು ಅನುಸರಿಸಿದ್ದರೆ ಸಾಕು. ಆ ವಿಧಾನ ನ್ಯಾಯಯುತವೇ ಎಂದು ನ್ಯಾಯಾಲಯ ಅಳೆಯುವುದಿಲ್ಲ. ಬಂಧನದ ಕಾರಣಗಳನ್ನು ನ್ಯಾಯಾಲಯಕ್ಕೂ ತಿಳಿಸುವಂತಿಲ್ಲ ಎನ್ನುತ್ತಿದ್ದ 14ನೇ ಕಲಂ ಮಾತ್ರ ರದ್ದಾಯಿತು. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನ ತೀರ್ಪು ಬರೆದರು. ಕಾರ್ಯವಿಧಾನವೆಂದರೆ ಅದರಲ್ಲಿ ಸಹಜ ನ್ಯಾಯದ ಕನಿಷ್ಠ ಅಂಶಗಳಾದರೂ ಇರಬೇಕು ಎಂಬುದು ಅವರ ನಿಲುವು.

ಇಷ್ಟು ಹೇಳಿ ಮೊದಲ ದಿನದ ಡ್ರಾಯಿಂಗ್ ಶೀಟನ್ನು ಮತ್ತೆ ತೋರಿಸಿದೆ. ‘ಗೋಪಾಲನ್ ಪ್ರಕರಣದ ಬಹುಮತದ ಪ್ರಕಾರ ಓದಿದರೆ ನಾಯಕನ ನಿಯಮ ನಿಲ್ಲುತ್ತದೆಯೇ?’ ‘ನಿಲ್ಲುತ್ತದೆ’ ಎಂದು ಮಕ್ಕಳೇ ಹೇಳಿದರು. ಬರೆದಿದೆ, ಸಹಿಯಿದೆ, ಅದರಂತೆಯೇ ನಡೆದಿದೆ.

ಎರಡನೇ ಪ್ರಕರಣ ಮೇನಕಾ ಗಾಂಧಿ ಅವರದು. 1976ರ ಜೂನ್‌ನಲ್ಲಿ ಅವರಿಗೆ ಪಾಸ್‌ಪೋರ್ಟ್ ಸಿಕ್ಕಿತ್ತು. 1977ರ ಜುಲೈನಲ್ಲಿ ಅದನ್ನು ಏಳು ದಿನದೊಳಗೆ ಹಿಂತಿರುಗಿಸಬೇಕೆಂದು ಸರ್ಕಾರದಿಂದ ಪತ್ರ ಬಂತು. 1967ರ ಪಾಸ್‌ಪೋರ್ಟ್ ಕಾಯಿದೆಯ 10ನೇ ಕಲಂ ಸಾರ್ವಜನಿಕ ಹಿತದೃಷ್ಟಿಯಿಂದ ಹಾಗೆ ವಶಪಡಿಸಿಕೊಳ್ಳಲು ಅವಕಾಶ ಕೊಡುತ್ತಿತ್ತು. ಕಾರಣ ಕೇಳಿ ಬರೆದರೆ, ಸಾರ್ವಜನಿಕ ಹಿತಕ್ಕಾಗಿಯೇ ಕಾರಣಗಳನ್ನು ಕೊಡಲಾಗುವುದಿಲ್ಲ ಎಂಬ ಉತ್ತರ ಬಂತು. ಈ ಮಾತು ಹೇಳುತ್ತಿದ್ದಂತೆಯೇ ಹಲವು ಮಕ್ಕಳು ಹಲಗೆಯ ಬಲ ಮೂಲೆಯತ್ತ ಕೈ ತೋರಿಸಿದರು. ಒಂದನೆಯದೂ ಇಲ್ಲ, ಎರಡನೆಯದೂ ಇಲ್ಲ.

1978ರ ಜನವರಿ 25ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ಪ್ರಮುಖ ತೀರ್ಪಿನ ಸಾರ ಹೀಗಿದೆ: ಯಾವುದೋ ಒಂದು ಕಾರ್ಯವಿಧಾನ ಇದ್ದರೆ ಸಾಲದು, ಅದು ಸರಿಯಾದ, ನ್ಯಾಯವಾದ, ಸಮಂಜಸವಾದ ವಿಧಾನವಾಗಿರಬೇಕು. ಮನಬಂದಂತೆ ನಡೆಯುವ ವಿಧಾನ 21ನೇ ವಿಧಿಯ ಅರ್ಥದಲ್ಲಿ ಕಾರ್ಯವಿಧಾನವೇ ಅಲ್ಲ. 14, 19 ಮತ್ತು 21ನೇ ವಿಧಿಗಳನ್ನು ಬೇರೆ ಬೇರೆ ಕೋಣೆಗಳಂತೆ ಓದಬಾರದು, ಒಟ್ಟಿಗೆ ಓದಬೇಕು. ಈ ಒಟ್ಟಿಗೆ ಓದುವ ಕ್ರಮಕ್ಕೆ 1970ರ ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣದಲ್ಲಿಯೇ ದಾರಿಯಾಗಿತ್ತು. ಭಗವತಿ ಅವರ ತೀರ್ಪಿನೊಂದಿಗೆ ಇದ್ದವರಲ್ಲಿ ನ್ಯಾಯಮೂರ್ತಿ ಮುರ್ತಜಾ ಫಜಲ್ ಅಲಿ ಒಬ್ಬರು. ಅವರು 1950ರಲ್ಲಿ ಭಿನ್ನ ತೀರ್ಪು ಬರೆದ ಫಜಲ್ ಅಲಿ ಅವರ ಮಗ. ಈ ವಿವರವನ್ನು ಮಕ್ಕಳು ಬಹಳ ಇಷ್ಟಪಟ್ಟರು.

ಆಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ‘ಹಾಗಾದರೆ ಅವರಿಗೆ ಪಾಸ್‌ಪೋರ್ಟ್ ವಾಪಸ್ ಸಿಕ್ಕಿತಾ?’ ಆ ತೀರ್ಪಿನಿಂದ ತಕ್ಷಣ ಸಿಗಲಿಲ್ಲ. ಅವರ ಅಹವಾಲನ್ನು ಸ್ವೀಕರಿಸಿ ಬೇಗ ತೀರ್ಮಾನಿಸುವುದಾಗಿ ಸರ್ಕಾರ ನ್ಯಾಯಾಲಯಕ್ಕೆ ಭರವಸೆ ಕೊಟ್ಟಿತು. ಅದನ್ನು ದಾಖಲಿಸಿಕೊಂಡು ನ್ಯಾಯಾಲಯ ಆದೇಶವನ್ನು ರದ್ದುಪಡಿಸಲಿಲ್ಲ. ‘ಮತ್ತೆ ಗೆದ್ದದ್ದು ಯಾರು?’ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಪ್ರಶಿಕ್ಷಣಾರ್ಥಿಗಳು ಈ ಪ್ರಶ್ನೆಯನ್ನು ಬಿಟ್ಟುಕೊಡಬಾರದು. ಕಾರ್ಯವಿಧಾನದ ಹಕ್ಕು ಫಲಿತಾಂಶದ ಭರವಸೆಯಲ್ಲ. ಕೇಳಿದ ಮೇಲೂ ತೀರ್ಮಾನ ನಮ್ಮ ವಿರುದ್ಧ ಬರಬಹುದು. ಆದರೆ ಕೇಳದೆ ಬಂದ ತೀರ್ಮಾನ ನಮ್ಮ ಪರವಾಗಿ ಬಂದರೂ ಅದು ಯಾರದೋ ಕೃಪೆಯಷ್ಟೇ.

ಮೂರನೇ ಅವಧಿ: ಬಾಗಿಲು ಮುಚ್ಚಿದ ಕಾಲ ಮತ್ತು ಆಮೇಲೆ

ಕಾಲರೇಖೆಯಲ್ಲಿ 1950 ಮತ್ತು 1978ರ ನಡುವೆ ಖಾಲಿ ಬಿಟ್ಟಿದ್ದ ಜಾಗವನ್ನು ಮೂರನೇ ದಿನ ತುಂಬಿದೆವು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜೂನ್ 27ರ ರಾಷ್ಟ್ರಪತಿಗಳ ಆದೇಶದ ಪ್ರಕಾರ 14, 21 ಮತ್ತು 22ನೇ ವಿಧಿಗಳ ಜಾರಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕು ಅಮಾನತಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ ಇಲ್ಲಿಯೇ ಬಂಧನಕ್ಕೊಳಗಾಗಿ ನಮ್ಮ ಉಚ್ಚ ನ್ಯಾಯಾಲಯದಲ್ಲಿ ಬಂದಿ ಪ್ರತ್ಯಕ್ಷೀಕರಣ ಅರ್ಜಿ ಹಾಕಿದರು. ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಇಂಥ ಅರ್ಜಿಗಳನ್ನು ವಿಚಾರಣೆ ಮಾಡಬಹುದೆಂದು ಹೇಳಿದವು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

ಜಬಲ್ಪುರ ಪ್ರಕರಣವೆಂದು ಹೆಸರಾದ ಅದರಲ್ಲಿ 1976ರ ಏಪ್ರಿಲ್ 28ರಂದು ತೀರ್ಪು ಬಂತು. ಐವರಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯ ಆದೇಶ ಇರುವವರೆಗೆ ಬಂಧಿತರು ಬಂಧನವನ್ನು ಪ್ರಶ್ನಿಸುವಂತಿಲ್ಲ ಎಂದರು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಪ್ರಾಣ ಮತ್ತು ಸ್ವಾತಂತ್ರ್ಯದ ಹಕ್ಕು ಸಂವಿಧಾನ ಕೊಟ್ಟ ವರ ಮಾತ್ರವಲ್ಲ, 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಅಧಿಕಾರವಿಲ್ಲದೆ ಯಾರನ್ನೂ ಹಿಡಿದಿಡುವಂತಿಲ್ಲ ಎಂಬುದು ಅವರ ನಿಲುವು. 1977ರ ಜನವರಿಯಲ್ಲಿ ಹಿರಿತನದಲ್ಲಿ ಮುಂದಿದ್ದ ಅವರನ್ನು ಬಿಟ್ಟು ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

1978ರ 44ನೇ ತಿದ್ದುಪಡಿ ಈ ಬಾಗಿಲನ್ನು ಮುಂದೆ ಯಾರೂ ಮುಚ್ಚದಂತೆ ಮಾಡಿತು. ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೇ ವಿಧಿಗಳ ಜಾರಿಯನ್ನು ಅಮಾನತುಗೊಳಿಸುವಂತಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ ಪ್ರಕರಣದಲ್ಲಿ 1976ರ ಆ ತೀರ್ಪನ್ನು ತಪ್ಪೆಂದು ತಳ್ಳಿಹಾಕಲಾಯಿತು. ಆ ಮಾತನ್ನು ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ವೈ.ವಿ. ಚಂದ್ರಚೂಡ್ 1976ರ ಬಹುಮತದಲ್ಲಿದ್ದವರು. ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಅವರು ಅರ್ಜಿ ಹಾಕಿದ್ದರು.

ಉಳಿದ ಅರ್ಧ ಅವಧಿಯಲ್ಲಿ ಆರು ಗುಂಪುಗಳಿಗೆ ಆರು ಚೀಟಿಗಳನ್ನು ಕೊಟ್ಟೆ. ಪ್ರತಿ ಗುಂಪೂ ಹಲಗೆಯ ನಾಲ್ಕು ಸಾಲುಗಳಲ್ಲಿ ಯಾವುದು ತಪ್ಪಿದೆ ಎಂದು ಹೇಳಬೇಕು. ಚೀಟಿಗಳಲ್ಲಿ ಮೂರು ನಿಜವಾದ ಪ್ರಕರಣಗಳಿದ್ದವು. ಶಿಕ್ಷೆಯಾದರೂ ಇರಬೇಕಾಗಿದ್ದ ಅವಧಿಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ 1979ರ ಹುಸೈನಾರಾ ಖಾತೂನ್ ಪ್ರಕರಣ, ಮುಂಬೈಯ ಪಾದಚಾರಿ ಮಾರ್ಗದ ಗುಡಿಸಲುಗಳ ತೆರವಿಗೆ ಸಂಬಂಧಿಸಿದ 1985ರ ಓಲ್ಗಾ ಟೆಲ್ಲಿಸ್ ಪ್ರಕರಣ, ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ ಸೂಚನೆಗಳನ್ನು ಕೊಟ್ಟ 1996ರ ಡಿ.ಕೆ. ಬಸು ಪ್ರಕರಣ. ಉಳಿದ ಮೂರು ನಾನೇ ಬರೆದ ಕಲ್ಪಿತ ಸನ್ನಿವೇಶಗಳು.

ಹುಸೈನಾರಾ ಚೀಟಿ ಸಿಕ್ಕ ಗುಂಪು, ಹಲಗೆಯ ನಾಲ್ಕು ಸಾಲುಗಳಲ್ಲಿ ಯಾವುದೂ ಇದಕ್ಕೆ ಸರಿಯಾಗಿ ಹೊಂದುವುದಿಲ್ಲ ಎಂದು ವಾದಿಸಿ ಐದನೆಯದೊಂದನ್ನು ಸೇರಿಸಿತು: ‘ಬೇಗ ಕೇಳಬೇಕು.’ ಸರ್ವೋಚ್ಚ ನ್ಯಾಯಾಲಯವೂ ಅಲ್ಲಿ ಹೇಳಿದ್ದು ಅದನ್ನೇ. ಶೀಘ್ರ ವಿಚಾರಣೆ 21ನೇ ವಿಧಿಯ ಭಾಗ.

ಬೋಧಿಸುವವರು ಗಮನಿಸಬೇಕಾದ ತಪ್ಪು ಕಲ್ಪನೆಗಳು

ಮೊದಲನೆಯದು, 21ನೇ ವಿಧಿ ನಾಗರಿಕರಿಗೆ ಮಾತ್ರ ಎಂಬುದು. ಅದರಲ್ಲಿರುವ ಪದ ‘ವ್ಯಕ್ತಿ’. ಆದ್ದರಿಂದ ವಿದೇಶೀಯರಿಗೂ ಅದು ಅನ್ವಯ. 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ.

ಎರಡನೆಯದು, ತುರ್ತು ಪರಿಸ್ಥಿತಿಯಲ್ಲಿ ಎಲ್ಲ ಮೂಲಭೂತ ಹಕ್ಕುಗಳೂ ಅಮಾನತಾಗುತ್ತವೆ ಎಂಬುದು. 44ನೇ ತಿದ್ದುಪಡಿಯ ನಂತರ 20 ಮತ್ತು 21 ಇದಕ್ಕೆ ಹೊರತು.

ಮೂರನೆಯದು, ಈ ಹಕ್ಕು ತಪ್ಪಿತಸ್ಥರನ್ನು ಬಿಡಿಸುವ ಉಪಾಯ ಎಂಬುದು. ಯುಕ್ತ ಪ್ರಕ್ರಿಯೆ ಮುಗಿದ ಮೇಲೆ ಶಿಕ್ಷೆ ಕೊಡುವುದನ್ನು 21ನೇ ವಿಧಿ ತಡೆಯುವುದಿಲ್ಲ. ತಪ್ಪಿತಸ್ಥ ಯಾರು ಎಂದು ತಿಳಿಯುವ ದಾರಿಯೇ ಆ ಪ್ರಕ್ರಿಯೆ.

ನಾಲ್ಕನೆಯದು ನಾವು ಬಳಸುವ ಸಾದೃಶ್ಯದ ಮಿತಿ. ಶಾಲಾ ನಿಯಮದ ಉದಾಹರಣೆ ತತ್ತ್ವವನ್ನು ತಿಳಿಸಲು ಮಾತ್ರ. ಮನೆಗೆಲಸ ಮಾಡದ ವಿದ್ಯಾರ್ಥಿಯನ್ನು ಎದ್ದು ನಿಲ್ಲಿಸಿದರೆ ಅದು 21ನೇ ವಿಧಿಯ ಪ್ರಕರಣವಾಗುವುದಿಲ್ಲ. ಮುಖ್ಯವಾಗಿ ಅದು ಪ್ರಭುತ್ವದ ಅಧಿಕಾರಕ್ಕೆ ಕಟ್ಟಿದ ಕಟ್ಟೆ. ಇದನ್ನು ಸ್ಪಷ್ಟವಾಗಿ ಹೇಳದಿದ್ದರೆ ಮಕ್ಕಳಲ್ಲಿ ಗೊಂದಲ ಉಳಿಯುತ್ತದೆ.

ಶಿಸ್ತಿನ ಪ್ರಶ್ನೆ

ಪಾಠ ವೀಕ್ಷಿಸಿದ ಹಿರಿಯ ಶಿಕ್ಷಕರೊಬ್ಬರು ಚರ್ಚೆಯಲ್ಲಿ ಒಂದು ಆಕ್ಷೇಪ ಎತ್ತಿದರು. ಇದನ್ನೆಲ್ಲ ಕಲಿಸಿದರೆ ಮಕ್ಕಳು ಪ್ರತಿಯೊಂದಕ್ಕೂ ‘ನಮ್ಮ ಮಾತು ಕೇಳಿ’ ಎಂದು ನಿಲ್ಲುತ್ತಾರೆ, ಅರವತ್ತು ಮಕ್ಕಳ ತರಗತಿಯನ್ನು ನಡೆಸುವುದು ಹೇಗೆ? ಇದು ಗಂಭೀರವಾದ ಆಕ್ಷೇಪ. ದಿನವೂ ತರಗತಿ ನಡೆಸುವವರ ಅನುಭವದಿಂದ ಬಂದದ್ದು.

ಇದಕ್ಕೆ ಉತ್ತರವಾಗಿ ಅಮೆರಿಕದ ಒಂದು ಪ್ರಕರಣವನ್ನು ನೋಡಬಹುದು. ಓಹಾಯೋ ರಾಜ್ಯದ ಕೊಲಂಬಸ್ ನಗರದ ಕೆಲವು ವಿದ್ಯಾರ್ಥಿಗಳನ್ನು ವಿಚಾರಣೆಯಿಲ್ಲದೆ ಹತ್ತು ದಿನಗಳವರೆಗೆ ಶಾಲೆಯಿಂದ ಹೊರಗಿಡಲಾಗಿತ್ತು. 1975ರ ಜನವರಿಯಲ್ಲಿ ಗಾಸ್ ಎದುರು ಲೋಪೆಜ್ ಎಂಬ ಆ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ವಿದ್ಯಾರ್ಥಿಗಳ ಪರ ತೀರ್ಪಿತ್ತಿತು. ಹಾಗೆಂದು ವಕೀಲರು, ಸಾಕ್ಷಿಗಳು ಬೇಕೆಂದು ಅದು ಹೇಳಲಿಲ್ಲ. ಆರೋಪವೇನೆಂದು ತಿಳಿಸಿ, ನಿರಾಕರಿಸಿದರೆ ಆಧಾರವೇನೆಂದು ವಿವರಿಸಿ, ಅವನ ಕಡೆಯ ಮಾತು ಕೇಳಿದರೆ ಸಾಕು. ಆ ಮಾತುಕತೆ ಘಟನೆಯಾದ ಕೆಲವು ನಿಮಿಷಗಳಲ್ಲೇ ಮುಗಿಯಬಹುದು. ಅಪಾಯವಿದ್ದರೆ ಮೊದಲು ಹೊರಗಿಟ್ಟು ಬೇಗನೆ ಆಮೇಲೆ ಕೇಳಬಹುದು. ಅದು ನಮ್ಮ ಕಾನೂನಲ್ಲ, ಆದರೆ ಕೇಳುವುದಕ್ಕೆ ಬಹಳ ಸಮಯ ಬೇಕಿಲ್ಲ ಎಂಬುದು ಅದರಿಂದ ತಿಳಿಯುತ್ತದೆ.

ನಮ್ಮಲ್ಲಿಯೂ ದಾರಿ ಸ್ಪಷ್ಟವಿದೆ. 1992ರ ಮೋಹಿನಿ ಜೈನ್ ಎದುರು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಕ್ಯಾಪಿಟೇಶನ್ ಶುಲ್ಕದ ಪ್ರಶ್ನೆಯಿಂದ ಹೊರಟು ಶಿಕ್ಷಣದ ಹಕ್ಕು ಪ್ರಾಣದ ಹಕ್ಕಿನ ಒಳಗೇ ಇದೆ ಎಂದು ನ್ಯಾಯಾಲಯ ಹೇಳಿತು. ಮರುವರ್ಷದ ಉನ್ನಿಕೃಷ್ಣನ್ ಪ್ರಕರಣ ಅದನ್ನು 14 ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. 2002ರ 86ನೇ ತಿದ್ದುಪಡಿಯಿಂದ 21ಎ ವಿಧಿ ಸೇರಿತು. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆಯ 16ನೇ ಕಲಂ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನೂ, 17ನೇ ಕಲಂ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತವೆ. ಅಂದರೆ ಮಗು ತರಗತಿಯಲ್ಲಿ ಕುಳಿತಿರುವುದಕ್ಕೂ 21ನೇ ವಿಧಿಗೂ ನೇರ ಸಂಬಂಧವಿದೆ.

ಶಿಸ್ತಿನ ಬಗ್ಗೆ ನನ್ನ ಅನಿಸಿಕೆ ಇಷ್ಟು. ಕೇಳಿದ ಮೇಲೆ ಕೊಟ್ಟ ಶಿಕ್ಷೆಯನ್ನು ಮಕ್ಕಳು ಗೊಣಗದೆ ಒಪ್ಪುತ್ತಾರೆ. ಕೇಳದೆ ಕೊಟ್ಟದ್ದನ್ನು ಸಹಿಸುತ್ತಾರೆ, ಮರೆಯುವುದಿಲ್ಲ. ನಾಳೆ ಇದೇ ಮಕ್ಕಳು ಪೊಲೀಸರಾಗುತ್ತಾರೆ, ಗ್ರಾಮ ಪಂಚಾಯಿತಿ ಸದಸ್ಯರಾಗುತ್ತಾರೆ, ಗುಮಾಸ್ತರಾಗುತ್ತಾರೆ. ಮೊಬೈಲಿನಲ್ಲಿ ಬಂದ ಒಂದು ಸುದ್ದಿಯನ್ನು ನಂಬಿ ಅಪರಿಚಿತನ ಸುತ್ತ ಸೇರಿದ ಗುಂಪಿನಲ್ಲಿಯೂ ನಿಲ್ಲಬಹುದು. ಅಲ್ಲಿ ‘ಮೊದಲು ಅವನನ್ನು ಕೇಳೋಣ’ ಎನ್ನುವ ಒಬ್ಬರಿದ್ದರೆ ಒಂದು ಜೀವ ಉಳಿದೀತು. ಈ ಪಾಠಕ್ಕೆ ಇರುವ ಬೆಲೆ ಅದು.

ಮೌಲ್ಯಮಾಪನ

ವಿಧಿಯ ಸಂಖ್ಯೆ ಕೇಳುವ ಪ್ರಶ್ನೆಗಳ ಬದಲು ಈ ನಾಲ್ಕನ್ನು ಬಳಸಿದೆ. ಬೇಕಾದವರು ತಮ್ಮ ಪಾಠ ಯೋಜನೆಯಲ್ಲಿ ಸೇರಿಸಿಕೊಳ್ಳಬಹುದು.

1. ನಾಯಕನ ನಿಯಮವನ್ನು ಅನುಮಾನ ಬಂದಾಗ ಕ್ರಮ ತೆಗೆದುಕೊಳ್ಳುವ ಅಧಿಕಾರ ಉಳಿಯುವಂತೆ, ಆದರೆ ನ್ಯಾಯಯುತವಾಗುವಂತೆ ತಿದ್ದಿ ಬರೆಯಿರಿ.
2. 1950ರ ಬಹುಮತ ಮತ್ತು ಫಜಲ್ ಅಲಿ ಅವರ ಭಿನ್ನ ತೀರ್ಪುಗಳಲ್ಲಿ ನೀವು ಯಾವುದನ್ನು ಒಪ್ಪುತ್ತೀರಿ? ಎದುರು ಪಕ್ಷದ ಅತ್ಯುತ್ತಮ ವಾದವನ್ನೂ ಒಂದು ವಾಕ್ಯದಲ್ಲಿ ಹೇಳಿ.
3. ಬಂಧಿತ ವ್ಯಕ್ತಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು ಎಂಬ ನಿಯಮ ಹಲಗೆಯ ಯಾವ ಸಾಲನ್ನು ಕಾಪಾಡುತ್ತದೆ? ಏಕೆ?
4. ‘ಎಲ್ಲರಿಗೂ ಗೊತ್ತಿದ್ದರೆ ಕೇಳುವುದೇಕೆ?’ ಎಂಬ ಪ್ರಶ್ನೆಗೆ ನಿಮ್ಮ ಉತ್ತರವನ್ನು ಐದು ವಾಕ್ಯಗಳಲ್ಲಿ ಬರೆಯಿರಿ.

ನಾಲ್ಕನೇ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಕೆಲವು ಆ ವಿದ್ಯಾರ್ಥಿಯ ಪಕ್ಷವನ್ನೇ ಹಿಡಿದಿದ್ದವು. ಕಾರಣ ಕೊಟ್ಟು ವಾದಿಸಿದ್ದರೆ ಅವಕ್ಕೂ ಪೂರ್ಣ ಅಂಕ ಕೊಟ್ಟೆ. ಎರಡೂ ಕಡೆಯ ಮಾತನ್ನು ಆಲಿಸಬೇಕೆಂದು ಕಲಿಸುವ ಪಾಠದಲ್ಲಿ ಒಂದೇ ಉತ್ತರಕ್ಕೆ ಅಂಕ ಕೊಡುವುದು ಸರಿಯಾಗದು.

ಗೃಹಕಾರ್ಯವಾಗಿ ಮನೆಯ ಹಿರಿಯರೊಬ್ಬರನ್ನು ‘ನಿಮ್ಮ ಮಾತು ಕೇಳದೆಯೇ ಯಾರಾದರೂ ನಿಮ್ಮ ವಿಷಯದಲ್ಲಿ ತೀರ್ಮಾನ ಮಾಡಿದ್ದುಂಟೇ?’ ಎಂದು ಕೇಳಿ, ಹೆಸರು ಬರೆಯದೆ, ಹತ್ತು ಸಾಲು ಬರೆದು ತರುವಂತೆ ಹೇಳಿದೆ. ಪಡಿತರ ಚೀಟಿ, ಪಿಂಚಣಿ, ಜಮೀನಿನ ಅಳತೆ, ಕೆಲಸದಿಂದ ತೆಗೆದದ್ದು ಹೀಗೆ ಬಗೆಬಗೆಯ ಬರಹಗಳು ಬಂದವು. ಇವುಗಳಲ್ಲಿ ಯಾವುದು ಪ್ರಭುತ್ವದ ತೀರ್ಮಾನ, ಯಾವುದು ಖಾಸಗಿ ವ್ಯಕ್ತಿಯದು, ಎಲ್ಲಿ ಮೇಲ್ಮನವಿಗೆ ದಾರಿಯಿದೆ ಎಂದು ವಿಂಗಡಿಸುವುದನ್ನು ಮುಂದಿನ ನ್ಯಾಯಾಂಗದ ಪಾಠಕ್ಕೆ ಪೀಠಿಕೆಯಾಗಿ ಬಳಸಬಹುದು.